ಉದ್ಯಮಬಾಗದ ಪೈನ್ ಕಪಾಟು: ಕೆಲಸ ಚೆನ್ನಾಗಿದೆ, ಆದರೆ ಮುದ್ರೆ ನೋಡಿ ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೆನ್ನಾಗಿದೆ. ಸಾಗವಾನಿಗೆ ದುಡ್ಡು ಹೊಂದುವುದಿಲ್ಲ, ಪ್ಲೈವುಡ್ ಬೇಡ, ಆದರೆ ಮನೆಗೆ ಒಂದು ಗಟ್ಟಿ ಪುಸ್ತಕದ ಕಪಾಟು, ಮಕ್ಕಳಿಗೆ ಓದುವ ಟೇಬಲ್ ಬೇಕು ಅನ್ನುವ ಬೆಳಗಾವಿಯವರು ಉದ್ಯಮಬಾಗದ ಕಡೆ ಇರುವ ಈ ಪೈನ್ ಕಟ್ಟಿಗೆ ವರ್ಕ್‌ಶಾಪಿಗೆ ಒಮ್ಮೆ ಹೋಗಿ ಬನ್ನಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಬೈಯುವ ಮಾತೂ ಒಂದೆರಡು ಇವೆ, ಮಾಲೀಕರು ಇಬ್ಬರು ಬಡಿಗೇರರನ್ನು ಇಟ್ಟುಕೊಂಡು ದುಡಿಯುವ ಸಣ್ಣ ಆಸಾಮಿ. ಫೌಂಡ್ರಿಗಳ ನಡುವೆ ಪೈನ್ ರಾಳದ ವಾಸನೆ ಬರುವ ಶೆಡ್ ಅಲ್ಲಿ ಇದೊಂದೇ. ಹುಡುಕುವುದು ಕಷ್ಟವಲ್ಲ.

ಕಪಾಟಿಗಿಂತ ಕಟ್ಟಿಗೆಯ ಬಗ್ಗೆನೇ ಜಾಸ್ತಿ ಬರೆಯುತ್ತೇನೆ. ಬೇಜಾರಾದರೆ ಕೊನೆಯ ಭಾಗ ಮಾತ್ರ ಓದಿಕೊಳ್ಳಿ, ರೇಟು, ದೂರು ಎಲ್ಲ ಅಲ್ಲಿದೆ. ಪೈನ್ ಅಂತ ನಮಗೆ ಮಾರುವುದು ಒಂದೇ ಜಾತಿಯ ಮರ ಅಲ್ಲ, ಒಂದೇ ದೇಶದ್ದೂ ಅಲ್ಲ. ಕೆಲವು ತೋಟದಲ್ಲಿ ಬೆಳೆಸಿದ್ದು, ಕೆಲವು ಭೂಮಿಯ ಉತ್ತರದ ಹಿಮದ ಕಾಡಿನದ್ದು. ಈ ವ್ಯತ್ಯಾಸ ಕೇಳದೆ ದುಡ್ಡು ಕೊಡಬೇಡಿ ಅನ್ನೋದಷ್ಟೇ ನನ್ನ ಮಾತು.

ಅಲ್ಲಿ ಎರಡು ರಾಶಿ ಇವೆ. ಬಾಗಿಲ ಬಲಕ್ಕೆ ಹೊಸ ಪೈನ್, ನೀಟಾಗಿ ಕೊಯ್ದದ್ದು, ಗುಜರಾತಿನ ಗಾಂಧಿಧಾಮದಿಂದ ಲಾರಿಯಲ್ಲಿ ಬರುತ್ತದೆ. ಕಾಂಡ್ಲಾ ಬಂದರು ಪಕ್ಕದಲ್ಲೇ ಇರುವುದರಿಂದ ಹಡಗಿನಲ್ಲಿ ಬರುವ ಕಟ್ಟಿಗೆಯ ದೊಡ್ಡ ಪಾಲು ಅಲ್ಲಿ ಇಳಿದು, ಅಲ್ಲಿನ ಸಾಮಿಲ್‌ಗಳಲ್ಲೇ ಹಲಗೆಯಾಗಿ, ಊರೂರಿಗೆ ಹೋಗುತ್ತದೆ. ಶೆಡ್ಡಿನ ಹಿಂದೆ ಇನ್ನೊಂದು ರಾಶಿ, ಹಳೇ ಪ್ಯಾಕಿಂಗ್ ಪೆಟ್ಟಿಗೆಗಳದ್ದು. ಉದ್ಯಮಬಾಗದ ಕಾರ್ಖಾನೆಗಳಿಗೆ ಹೊರದೇಶದಿಂದ ಮೆಷಿನ್ ಬರುವಾಗ ಅದರ ಸುತ್ತ ಬರುವ ಪೆಟ್ಟಿಗೆ, ಅಡಿಯಲ್ಲಿರುವ ದಪ್ಪ ತೊಲೆ, ಪ್ಯಾಲೆಟ್ಟು. ಮೊದಲು ಇದೆಲ್ಲ ಸೀದಾ ಒಲೆಗೆ ಹೋಗುತ್ತಿತ್ತಂತೆ. ಈಗ ಇವರು ತೂಕದ ಲೆಕ್ಕದಲ್ಲಿ ಕೊಂಡು, ಮೊಳೆ ಕಿತ್ತು, ರಂದಾ ಹೊಡೆದು, ಹಲಗೆಗೆ ಹಲಗೆ ಅಂಟಿಸಿ ಕಪಾಟು ಮಾಡುತ್ತಾರೆ.

ಮಾಲೀಕರು ಹೊಸದನ್ನೇ ಮುಂದೆ ಮಾಡಿದರು. "ಹೊಸಾದು ತಗೋರಿ ಅಕ್ಕಾರ, ಗಂಟು ಕಡಿಮಿ ಅದಾವ, ನೋಡಾಕ ಚಂದ ಕಾಣತೈತಿ" ಅಂದರು. ಯಾವ ದೇಶದ್ದು ಅಣ್ಣಾ ಅಂತ ಕೇಳಿದೆ. "ನ್ಯೂಜಿಲೆಂಡ್ ಅಂತಾರ, ಒಮ್ಮೊಮ್ಮೆ ಜರ್ಮನಿ ಅಂತಾರ. ಬಿಲ್‌ನ್ಯಾಗ ಬರೇ ಪೈನ್ ಅಂತ ಇರತೈತಿ ನೋಡ್ರಿ." ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದರು. ಬೆಳಗಾವಿಯ ಫರ್ನಿಚರ್ ಪೇಟೆಯಲ್ಲಿ ಇದು ಸಣ್ಣ ಮಾತಲ್ಲ.

ವಿಚಿತ್ರ ಅಂದರೆ, ಹೊಸ ಹಲಗೆಗೆ ಇಲ್ಲದ ಗುರುತು ಹಳೇ ಪೆಟ್ಟಿಗೆಗೆ ಇರುತ್ತದೆ. ಪೆಟ್ಟಿಗೆಯ ಬದಿಯಲ್ಲಿ ಸುಟ್ಟು ಒತ್ತಿದ ಅಥವಾ ಬಣ್ಣದ ಮುದ್ರೆ ನೋಡಿ. ಎಡಗಡೆ ಗೋಧಿ ತೆನೆಯ ಚಿತ್ರ, ಪಕ್ಕ ಐಪಿಪಿಸಿ (ಗಿಡಮರಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ಅನ್ನುವ ಅಕ್ಷರ. ಬಲಗಡೆ ದೇಶದ ಎರಡಕ್ಷರದ ಕೋಡ್. ಎಫ್‌ಐ ಅಂದರೆ ಫಿನ್ಲೆಂಡ್, ಎಸ್‌ಇ ಸ್ವೀಡನ್, ಸಿಎ ಕೆನಡಾ, ಆರ್‌ಯು ರಷ್ಯಾ, ಡಿಇ ಜರ್ಮನಿ, ಎನ್‌ಝಡ್ ನ್ಯೂಜಿಲೆಂಡ್. ಅದರ ಮುಂದೆ ತಯಾರಕರ ನಂಬರ್, ಆಮೇಲೆ ಎಚ್‌ಟಿ ಅಥವಾ ಎಂಬಿ. ಒಂದು ದೇಶದ ಹುಳ ಕಟ್ಟಿಗೆಯ ಒಳಗೆ ಕೂತು ಇನ್ನೊಂದು ದೇಶದ ಕಾಡಿಗೆ ಹೋಗಬಾರದು ಅಂತ 2002ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮ ಇದು. ಸುಮ್ನೆ ಮಾಡಿದ್ದಲ್ಲ. ಉತ್ತರ ಅಮೆರಿಕದ ಪೈನ್ ಮರದಲ್ಲಿ ಇರುವ ಒಂದು ಸಣ್ಣ ಹುಳ ಜಪಾನಿಗೆ ಹೋಗಿ ಅಲ್ಲಿನ ಪೈನ್ ಕಾಡುಗಳನ್ನೇ ಒಣಗಿಸಿತು, 1999ರಲ್ಲಿ ಪೋರ್ಚುಗಲ್‌ನಲ್ಲೂ ಸಿಕ್ಕಿತು.

ಎಚ್‌ಟಿ ಅಂದರೆ ಕಟ್ಟಿಗೆಯ ನಡುಭಾಗದವರೆಗೂ 56 ಡಿಗ್ರಿ ಶಾಖ ತಲುಪಿ, 30 ನಿಮಿಷ ಹಾಗೇ ಇತ್ತು ಅಂತ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಹೊಡೆದದ್ದು. ಮನೆಗೆ, ಅದರಲ್ಲೂ ಮಕ್ಕಳ ಕೋಣೆಗೆ, ಎಂಬಿ ಇರುವ ಹಲಗೆ ಬೇಡವೇ ಬೇಡ. ಬಡಿಗೇರರಿಗೆ ಇದು ಗೊತ್ತಿರಲಿಲ್ಲ, ಮಾಲೀಕರಿಗೆ ಗೊತ್ತಿತ್ತು, ಎಂಬಿ ಹಲಗೆಯನ್ನು ಬೇರೆ ಇಡಿಸುತ್ತಾರೆ. ಅವರು ಹೇಳಿದ ಒಂದು ಮಾತು ಮಾತ್ರ ನಂಬಬೇಡಿ. "ಹೀಟ್ ಟ್ರೀಟ್ ಮಾಡಿದ್ದು, ಗೆದ್ದಲು ಹತ್ತಂಗಿಲ್ಲ" ಅಂತಾರೆ. ಆ ಶಾಖ ಆಗ ಒಳಗಿದ್ದ ಹುಳ ಸಾಯಿಸುತ್ತದೆ, ನಾಳೆ ಬರುವ ಗೆದ್ದಲಿಗೆ ಅದರಿಂದ ಏನೂ ಆಗುವುದಿಲ್ಲ. ಪೈನ್ ಸಾಗವಾನಿಯಂತೆ ಗೆದ್ದಲು ತಡೆಯುವ ಕಟ್ಟಿಗೆ ಅಲ್ಲವೇ ಅಲ್ಲ.

ಇನ್ನೊಂದು ಮಾತು. ಮುದ್ರೆಯ ದೇಶ ಅಂದರೆ ಶಾಖ ಕೊಟ್ಟ ದೇಶ, ಮರ ಬೆಳೆದ ದೇಶವೇ ಆಗಿರಬೇಕಿಲ್ಲ. ಸಿಎನ್ ಅಂತ ಚೀನಾದ ಮುದ್ರೆ ಇದ್ದರೆ ಮರ ರಷ್ಯಾದ್ದೂ ಇರಬಹುದು, ನ್ಯೂಜಿಲೆಂಡಿನದ್ದೂ ಇರಬಹುದು. ಆಗ ಹಲಗೆಯ ತುದಿಯನ್ನೇ ನೋಡಬೇಕು.

ನಾನು ನೋಡಿದೆ. ಮಾಲೀಕರು ನಗುತ್ತಾ ಒಂದು ಗುಂಡುಪಿನ್ ಕೊಟ್ಟರು. ಎಫ್‌ಐ ಮುದ್ರೆಯ ತೊಲೆಯ ತುದಿಗೆ ಬಡಿಗೇರ ಒಂದು ಸಲ ರಂದಾ ಹೊಡೆದು ಕೊಟ್ಟ, ಒದ್ದೆ ಬಟ್ಟೆ ಒರೆಸಿದ, ಗೆರೆಗಳು ಎದ್ದು ಕಂಡವು. ಒಂದು ಗೆರೆ ಒಂದು ವರ್ಷ. ಪಿನ್ನಿನ ತುದಿಯಲ್ಲಿ ಎಣಿಸುತ್ತಾ ಹೋದರೆ ಒಂದು ಇಂಚಿನೊಳಗೆ 22 ಗೆರೆ. ಕೆಲವು ಕಡೆ ಎಷ್ಟು ಒತ್ತಾಗಿವೆ ಅಂದರೆ ಪಿನ್ ಎರಡು ಗೆರೆಯನ್ನೂ ಒಟ್ಟಿಗೆ ಮುಚ್ಚುತ್ತಿತ್ತು. ಪಕ್ಕದ ಹೊಸ ಪೈನ್ ಹಲಗೆಯಲ್ಲಿ ಅದೇ ಒಂದು ಇಂಚಿಗೆ ನಾಲ್ಕೇ ಗೆರೆ, ಅಗಲ ಅಗಲ. ಅದು ಹೆಚ್ಚುಕಮ್ಮಿ ಖಂಡಿತ ರೇಡಿಯಾಟಾ ಪೈನ್. ಮೂಲ ಕ್ಯಾಲಿಫೋರ್ನಿಯಾ ಕರಾವಳಿಯದ್ದು, ಈಗ ನ್ಯೂಜಿಲೆಂಡಿನಲ್ಲಿ ತೋಟ ಮಾಡಿ ಬೆಳೆಸುತ್ತಾರೆ, 25–30 ವರ್ಷಕ್ಕೆ ಕಡಿದು ಮತ್ತೆ ನೆಡುತ್ತಾರೆ. ಫಿನ್ಲೆಂಡಿನ ಉತ್ತರದಲ್ಲಿ ಒಂದು ಪೈನ್ ಮರ ಹಲಗೆ ಕೊಯ್ಯುವಷ್ಟು ದಪ್ಪ ಆಗಬೇಕಾದರೆ ನೂರು ವರ್ಷವೂ ಹಿಡಿಯಬಹುದು. ಅಲ್ಲಿ ಬೇಸಿಗೆ ಅಂದರೆ ಕೆಲವು ವಾರ. ಮರ ಬೆಳೆಯುವುದು ಅಷ್ಟೇ ದಿನ, ಉಳಿದ ಕಾಲವೆಲ್ಲ ಹಿಮದಲ್ಲಿ ನಿಂತಿರುವುದು.

ಅಷ್ಟು ವರ್ಷ ಬೆಳೆದ ಮರ ಒಂದು ಮೆಷಿನ್ನನ್ನು ಸಮುದ್ರ ದಾಟಿಸಿ ಒಂದೇ ಸಲಕ್ಕೆ ಒಲೆಗೆ ಹೋಗುತ್ತಿತ್ತು! ಹಳೇ ರಾಶಿಯಿಂದ ಕಪಾಟು ಮಾಡಿಸಬೇಕು ಅಂತ ನನಗೆ ಅನಿಸಿದ್ದು ಆಗಲೇ.

ಉತ್ತರದ ಆ ಹಿಮದ ಕಾಡನ್ನ ಬೋರಿಯಲ್ ಕಾಡು ಅಂತ ಕರೆಯುತ್ತಾರೆ, ರಷ್ಯಾದ ಕಡೆ ಟೈಗಾ. ಅಲಾಸ್ಕಾ, ಕೆನಡಾ, ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ಅಂತ ಭೂಮಿಯ ತಲೆಗೆ ಸುತ್ತ ಕಟ್ಟಿದಂತೆ ಹಬ್ಬಿದೆ. ಜಗತ್ತಿನ ಒಟ್ಟು ಕಾಡಿನಲ್ಲಿ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು. ಇಷ್ಟು ದೊಡ್ಡ ಕಾಡಲ್ಲಿ ನಾಲ್ಕು ಮರ ಕಡಿದರೆ ಏನಾಯ್ತು ಅಂತ ಅನಿಸಬಹುದು. ಮತ್ತೆ ನೆಡುತ್ತಾರೆ ಅನ್ನೋದೂ ನಿಜ, ಸ್ವೀಡನ್, ಫಿನ್ಲೆಂಡಿನಲ್ಲಿ ಕಡಿದ ಜಾಗ ಹಾಗೇ ಬಿಡುವುದಿಲ್ಲ. ಆದರೆ ನೆಟ್ಟ ಮರ ಹಳೇ ಕಾಡಾಗುವುದಕ್ಕೆ ಎಷ್ಟು ಕಾಲ ಬೇಕು ಅನ್ನೋದನ್ನ ಆ ಗೆರೆಗಳೇ ಹೇಳುತ್ತವೆ.

ಕೆನಡಾದ ಕ್ಯಾರಿಬೂ ಕಥೆ ತಗೊಳ್ಳಿ. ಕೊಂಬಿನ ದೊಡ್ಡ ಜಿಂಕೆ, ಹಿಮಸಾರಂಗ ಅನ್ನುವುದೂ ಇದೇ ಜಾತಿ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರ ಕಲ್ಲುಹೂವು. ನಮ್ಮ ಮಸಾಲೆಗೆ ಹಾಕುವ ದಗಡಫೂಲ ಇದೆಯಲ್ಲ, ಅದರ ಬಳಗದ್ದೇ. ಅಲ್ಲಿ ಅದು ನೆಲದ ಮೇಲೆ ಹಾಸಿಕೊಂಡು, ಹಳೇ ಮರದಿಂದ ಜೋತುಕೊಂಡು ಬೆಳೆಯುತ್ತದೆ, ತುಂಬಾ ನಿಧಾನ, ಒಮ್ಮೆ ಹೋದರೆ ಮತ್ತೆ ಬರಲು ಹತ್ತಾರು ವರ್ಷ ಬೇಕು. ಹಳೇ ಕಾಡು ಬಯಲಾಗಿ ಕಡಿದಾಗ ಅಲ್ಲಿ ಮೊದಲು ಚಿಗುರುವುದು ಎಳೆ ಎಲೆಯ ಗಿಡಗಳು. ಅದನ್ನ ತಿನ್ನಲು ಮೂಸ್ ಮತ್ತು ಬೇರೆ ಜಿಂಕೆಗಳು ಬರುತ್ತವೆ. ಅವುಗಳ ಹಿಂದೆ ತೋಳ ಬರುತ್ತದೆ. ಮರ ಸಾಗಿಸಲು, ನೆಲದಡಿಯ ಎಣ್ಣೆ ಹುಡುಕಲು ಕಾಡೊಳಗೆ ನೇರ ದಾರಿ ಕೊರೆದಿರುತ್ತಾರೆ, ತೋಳಕ್ಕೆ ಅದೇ ಹೈವೇ. ಕೊನೆಗೆ ಸಾಯುವುದು ಕ್ಯಾರಿಬೂ. ಮರ ಕಡಿದವರು ಒಂದೇ ಒಂದು ಕ್ಯಾರಿಬೂಗೆ ಗುಂಡು ಹೊಡೆದಿರುವುದಿಲ್ಲ. ಕೆನಡಾ ಸರ್ಕಾರ 2012ರಲ್ಲಿ ಮಾಡಿದ ಯೋಜನೆಯಲ್ಲಿ, ಒಂದೊಂದು ಹಿಂಡು ಓಡಾಡುವ ಪ್ರದೇಶದಲ್ಲಿ ಕನಿಷ್ಠ ಶೇ. 65ರಷ್ಟು ಯಾರೂ ಕೆಡಿಸದೆ ಉಳಿಯಬೇಕು ಅಂತ ಇಟ್ಟಿದ್ದಾರೆ. ಆ ಮಟ್ಟವನ್ನೂ ಮುಟ್ಟದ ಪ್ರದೇಶ ಬಹಳ ಇವೆ.

ಸ್ವೀಡನ್ನಿನಲ್ಲೂ ಇದೇ ಗೋಳು, ಬೇರೆ ರೂಪದಲ್ಲಿ. ಅಲ್ಲಿ ಸಾಮಿ ಜನ ಹಿಮಸಾರಂಗ ಸಾಕುತ್ತಾರೆ, ನಮ್ಮ ಕಡೆ ಕುರುಬರು ಕುರಿ ಹೊಡೆದುಕೊಂಡು ಹೋದಂತೆ ಋತುವಿಗೆ ತಕ್ಕಂತೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ನೆಲದ ಮೇಲೆ ಕಲ್ಲುಹೂವು ಹಾಸಿರುವ ಕಾಡು 60 ವರ್ಷದಲ್ಲಿ ಶೇ. 71ರಷ್ಟು ಕಡಿಮೆಯಾಗಿದೆ ಅಂತ 2016ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಮರ ಇದೆ, ಮೇವಿಲ್ಲ. ಫಿನ್ಲೆಂಡಿನ ಕಾಡಿನ ಜೀವಿಗಳಲ್ಲಿ ಸುಮಾರು ಶೇ. 20ರಿಂದ 25ರಷ್ಟು ಸತ್ತು ನಿಂತ, ಬಿದ್ದು ಕೊಳೆಯುವ ಮರವನ್ನೇ ನಂಬಿವೆ, ಜೀರುಂಡೆ, ಅಣಬೆ, ಮರಕುಟಿಗ ಎಲ್ಲ ಸೇರಿ. ನೀಟಾಗಿ ಬೆಳೆಸಿ, ನೀಟಾಗಿ ಕಡಿಯುವ ಕಾಡಿನಲ್ಲಿ ಸತ್ತ ಮರ ಎಲ್ಲಿಂದ ಬರಬೇಕು? ಬಿಳಿ ಬೆನ್ನಿನ ಮರಕುಟಿಗ ಸ್ವೀಡನ್ನಿನಲ್ಲಿ ಇನ್ನೇನು ಮುಗಿದೇ ಹೋಯ್ತು ಅನ್ನುವಷ್ಟು ಕಡಿಮೆಯಾಗಿದೆ.

ಬೆಂಕಿಯ ಮಾತು ಬೇರೆ. ಅದು ಆ ಕಾಡಿಗೆ ಹೊಸದಲ್ಲ, ಜ್ಯಾಕ್ ಪೈನ್ ಅನ್ನುವ ಮರದ ಕಾಯಿ ಬೆಂಕಿಯ ಶಾಖಕ್ಕೇ ಬಿರಿಯುತ್ತದೆ. ಆದರೆ 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ಆ ನೆಲದಲ್ಲಿ, ಕೆಸರಿನಲ್ಲಿ ಸಾವಿರಾರು ವರ್ಷದಿಂದ ಕೂತಿರುವ ಇಂಗಾಲ ಮರಗಳಲ್ಲಿ ಇರುವುದಕ್ಕಿಂತಲೂ ಜಾಸ್ತಿ, ಅದು ಹೊಗೆಯಾಗಿ ಎದ್ದರೆ ಅವರಿಗೆ ಮಾತ್ರ ಬಿಸಿ ತಟ್ಟುವುದಿಲ್ಲ.

ಒಳ್ಳೆ ಸುದ್ದಿಯೂ ಇದೆ. ಕೆನಡಾದ ಮಾನಿಟೋಬಾ, ಒಂಟಾರಿಯೊ ಗಡಿಯಲ್ಲಿ ಪಿಮಾಚಿಯೋವಿನ್ ಅಕಿ ಅನ್ನುವ ಜಾಗವನ್ನು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 29,000 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಳಗಾವಿ ಜಿಲ್ಲೆ ಎರಡು ಹಿಡಿದು ಇನ್ನೂ ಜಾಗ ಮಿಗುತ್ತದೆ. ಇದಕ್ಕಾಗಿ ಓಡಾಡಿದವರು ಅಲ್ಲೇ ತಲೆತಲಾಂತರದಿಂದ ಬದುಕಿರುವ ಅನಿಶಿನಾಬೆ ಜನರು. ಜನರನ್ನು ಹೊರಗೆ ಹಾಕಿ ಬೇಲಿ ಕಟ್ಟಿದ ಕಾಡಲ್ಲ ಇದು. ಕಾಡಿನ ನಡುವೆ ಬದುಕುವ ಖಾನಾಪುರ ಕಡೆಯವರಿಗೆ ಈ ಮಾತು ಬೇಗ ಅರ್ಥ ಆಗುತ್ತದೆ.

ಖಾನಾಪುರ ಅಂದ ಮೇಲೆ, ಪೈನ್ ಬೆಳಗಾವಿಗೆ ಯಾಕೆ ಬಂತು ಅನ್ನೋದನ್ನೂ ಹೇಳಬೇಕು. ನಮ್ಮ ಹಿರಿಯರ ಮನೆಯ ಬಾಗಿಲು, ತೊಲೆ ಎಲ್ಲ ಖಾನಾಪುರ, ದಾಂಡೇಲಿ ಕಡೆಯ ಸಾಗವಾನಿ, ಮತ್ತಿ, ಹೊನ್ನೆ. 1988ರ ಅರಣ್ಯ ನೀತಿ, ಆಮೇಲೆ 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ಇವೆರಡರಿಂದ ಕಾಡಿನ ಮರ ಕಡಿಯುವುದಕ್ಕೆ ಬಿಗಿ ಬಂತು. ಖಾನಾಪುರದ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಒಳ್ಳೆಯದೇ ಆಯಿತು. ಆದರೆ ನಮಗೆ ಕಪಾಟು, ಬಾಗಿಲು ಬೇಡವಾಗಲಿಲ್ಲ. ಕಟ್ಟಿಗೆ ಹಡಗಿನಲ್ಲಿ ಬರತೊಡಗಿತು. ಇಲ್ಲಿ ಭೀಮಗಡದ ಅಪರೂಪದ ಬಾವಲಿ ಉಳಿಸಿದೆವು ಅಂತ ಬೆನ್ನು ತಟ್ಟಿಕೊಂಡು, ಅಲ್ಲಿ ಯಾರ ಕಾಡು ಹೋಯಿತು ಅಂತ ಕೇಳದೆ ಇರುವುದು ಸರಿ ಅಲ್ಲ, ಅಲ್ವಾ?

ಅಂದಹಾಗೆ ಆ ಉತ್ತರದ ಕಾಡು ನಮಗೆ ಅಷ್ಟು ದೂರದ್ದೂ ಅಲ್ಲ. ಚಳಿಗಾಲದಲ್ಲಿ ಕೆರೆ, ಕಾಲುವೆ ಅಂಚಿನಲ್ಲಿ ಒಂಟಿಯಾಗಿ ಬಾಲ ಕುಣಿಸುತ್ತಾ ಓಡಾಡುವ ಗ್ರೀನ್ ಸ್ಯಾಂಡ್‌ಪೈಪರ್ ಅನ್ನುವ ಹಕ್ಕಿ ಇದೆ. ಮೇಲೆ ಕಪ್ಪು ಮಿಶ್ರಿತ ಹಸಿರು, ಹಾರಿದಾಗ ಹಿಂಭಾಗ ಬೆಳ್ಳಗೆ ಹೊಳೆಯುತ್ತದೆ. ಅದು ಮೊಟ್ಟೆ ಇಡುವುದು ಅದೇ ಉತ್ತರದ ಕಾಡಿನ ಕೆಸರು ಜಾಗದಲ್ಲಿ, ಅದೂ ನೆಲದ ಮೇಲಲ್ಲ. ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡು ಹುಡುಕಿ, ಮರದ ಮೇಲೆ ಇಡುತ್ತದೆ. ನೀರಿನ ಅಂಚಿನ ಹಕ್ಕಿಗೆ ಮರ ಬೇಕು ಅಂತ ಇಲ್ಲಿ ಅದನ್ನ ನೋಡಿದವರು ಯಾರೂ ಊಹಿಸಲ್ಲ.

ಈಗ ಹೊಸ ಪೈನ್ ಬೇಕು ಅನ್ನುವವರಿಗೆ. ನಗರದ ಒಂದು ದೊಡ್ಡ ಶೋರೂಮಿನಲ್ಲಿ ಗಾಜಿನ ಮೇಲೆ ಹಸಿರು ಎಲೆಯ ಚಿತ್ರ ಹಾಕಿ "ಪರಿಸರಸ್ನೇಹಿ ಇಂಪೋರ್ಟೆಡ್ ಪೈನ್" ಅಂತ ಬರೆದಿದ್ದಾರೆ. ಸರ್ಟಿಫಿಕೇಟ್ ತೋರಿಸಿ ಅಂದೆ. ಸೇಲ್ಸ್ ಹುಡುಗ ಮ್ಯಾನೇಜರ್‌ನ ಕರೆದ, ಮ್ಯಾನೇಜರ್ ಕ್ಯಾಟಲಾಗ್ ತಂದರು, ಕ್ಯಾಟಲಾಗಿನಲ್ಲೂ ಅದೇ ಎಲೆಯ ಚಿತ್ರ! ಎಲೆ ಯಾರು ಬೇಕಾದರೂ ಬಿಡಿಸಬಹುದು. ಕೇಳಬೇಕಾದದ್ದು ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಾರೆ ಅಂತ ಪರೀಕ್ಷಿಸಿ ಕೊಡುವ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಮುದ್ರೆ, ಜೊತೆಗೆ ಅದರ ಕೋಡ್ ನಂಬರ್. ಎಫ್‌ಎಸ್‌ಸಿ 1993ರಲ್ಲಿ ಶುರುವಾದದ್ದು. ಅದರಲ್ಲೂ 100% ಅಂತ ಇದ್ದರೆ ಕಟ್ಟಿಗೆ ಪೂರ್ತಿ ಪ್ರಮಾಣಿತ ಕಾಡಿನದ್ದು, ಮಿಕ್ಸ್ ಅಂತ ಇದ್ದರೆ ಬೇರೆ ಕಟ್ಟಿಗೆಯೂ ಸೇರಿರಬಹುದು. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ, ರಷ್ಯಾ ಮತ್ತು ಬೆಲಾರುಸ್‌ನ ಕಟ್ಟಿಗೆ ವ್ಯಾಪಾರದ ಎಫ್‌ಎಸ್‌ಸಿ ಸರ್ಟಿಫಿಕೇಟುಗಳನ್ನು ತಡೆಹಿಡಿದರು. ಹಾಗಾಗಿ ಈಗ ರಷ್ಯಾದ ಪೈನ್, ಎಫ್‌ಎಸ್‌ಸಿ ಇದೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಈ ಮುದ್ರೆಗಳೂ ದೇವರ ಪ್ರಸಾದ ಅಲ್ಲ, ಅವುಗಳ ಮೇಲೂ ಪರಿಸರದವರ ತಕರಾರು ಇದೆ. ಆದರೂ ಎಲೆಯ ಚಿತ್ರಕ್ಕಿಂತ ಎಷ್ಟೋ ವಾಸಿ.

ಇನ್ನು ನಮ್ಮ ಕಪಾಟು. ಆರು ಅಡಿ ಎತ್ತರ, ಐದು ಅರೆ, ಕೆಳಗೆ ಎರಡು ಡ್ರಾವರ್. ಹಳೇ ಕಟ್ಟಿಗೆಯದ್ದು 7,500 ರೂಪಾಯಿ, ಅದನ್ನೇ ಹೊಸ ಪೈನ್‌ನಲ್ಲಿ 11,000 ಹೇಳಿದರು. ಸಾಗವಾನಿಗೆ ಬೇರೆ ಬಡಿಗೇರರು ಹೇಳಿದ ರೇಟು ಕೇಳಿದ ಮೇಲೆ ಕೂತು ನೀರು ಕುಡಿಯಬೇಕಾಯಿತು. ಒತ್ತು ಗೆರೆಯ ಹಲಗೆ ನಿಜಕ್ಕೂ ಗಟ್ಟಿ. ನಿಘಂಟು, ಹಳೇ ಮಾಸಿಕಗಳ ಬೈಂಡು ಎಲ್ಲ ತುಂಬಿಸಿದ ಅರೆ ಒಂದಿಷ್ಟೂ ಬಾಗಿಲ್ಲ. ಮೊಳೆ ಇದ್ದ ತೂತುಗಳನ್ನು ಮರದ ಹುಡಿ, ಫೆವಿಕಾಲ್ ಕಲಸಿ ತುಂಬಿದ್ದಾರೆ, ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ. ಒಂದು ಪಕ್ಕದ ಒಳಭಾಗದಲ್ಲಿ ಎಫ್‌ಐ ಮುದ್ರೆಗೆ ರಂದಾ ಹೊಡೆಯಬೇಡಿ ಅಂತ ಹೇಳಿದ್ದೆ, ಹಾಗೇ ಬಿಟ್ಟಿದ್ದಾರೆ. ಬಂದವರೆಲ್ಲ ಕೇಳುತ್ತಾರೆ.

ದೂರು ಈಗ. ಗಣಪತಿ ಹಬ್ಬಕ್ಕೆ ಮೊದಲು ಕೊಡುತ್ತೇನೆ ಅಂದವರು ದಸರಾ ಮುಗಿದ ಮೇಲೆ ಕೊಟ್ಟರು. ಫೋನ್ ಮಾಡಿದಾಗೆಲ್ಲ "ನಾಳಿಗೆ ಟೆಂಪೋ ಬರತೈತ್ರಿ ಅಕ್ಕಾರ". ಎರಡನೇದು, ಒಂದು ಅರೆಯ ಅಡಿಯಲ್ಲಿ ಮುರಿದ ಮೊಳೆಯ ತುದಿ ಹಾಗೇ ಇತ್ತು, ನನ್ನ ಓಢಣಿ ಸಿಕ್ಕಿ ಹರಿಯಿತು. ಮಗುವಿನ ಕೈ ಆಗಿದ್ದರೆ? ಕರೆದಾಗ ಬಂದು ಕಿತ್ತುಕೊಟ್ಟರು, ಆದರೆ ಮನೆಗೆ ಬರುವ ಮೊದಲೇ ನೋಡಬೇಕಾದ ಕೆಲಸ ಅದು. ಕಡಿಮೆ ಮಾಡಿದ ಒಂದು ಅಂಕ ಇದಕ್ಕೇ. ಮೂರನೇದು, ಬೆಳಗಾವಿ ಮಳೆ. ಜುಲೈನಲ್ಲಿ ಎಡಗಡೆ ಡ್ರಾವರ್ ಊದಿಕೊಂಡು ಜಪ್ಪಯ್ಯ ಅಂದರೂ ಬರಲಿಲ್ಲ. ಇದು ಪೈನ್ ಸ್ವಭಾವ, ಆದರೆ ಇಲ್ಲಿ ಡ್ರಾವರ್ ಮಾಡುವಾಗ ಸುತ್ತ ಸ್ವಲ್ಪ ಜಾಗ ಜಾಸ್ತಿ ಬಿಡಬೇಕು ಅಂತ ಬಡಿಗೇರರಿಗೆ ಗೊತ್ತಿರಬೇಕಲ್ಲ.

ಪಾಲಿಶ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಏನೂ ಹೇಳದಿದ್ದರೆ ಮೆಲಮೈನ್ ಸ್ಪ್ರೇ ಹೊಡೆದು ಕಳಿಸುತ್ತಾರೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆ ಕೊಟ್ಟು ಅದನ್ನೇ ಹಚ್ಚಿಸಿದೆ, ಕಟ್ಟಿಗೆ ಜೇನಿನ ಬಣ್ಣಕ್ಕೆ ಬಂದಿದೆ. ಒಂದು ಎಚ್ಚರಿಕೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ಕಪಾಟಿನ ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಗೋಡೆಗೆ ಎರಡು ಬೆರಳು ಜಾಗ ಬಿಡಿ, ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಕಣ್ಣಿಗೆ ಬೀಳುತ್ತದೆ. ಅಡುಗೆಮನೆ, ಬಚ್ಚಲು ಕಡೆಗೆ ಪೈನ್ ಬೇಡ, ಎರಡು ಮಳೆಗಾಲಕ್ಕೆ ಕಪ್ಪು ಹಿಡಿಯುತ್ತದೆ.

ಹೋಗುವುದಾದರೆ ಮಧ್ಯಾಹ್ನದ ಮೇಲೆ ಹೋಗಿ, ಬೆಳಗ್ಗೆ ಮಾಲೀಕರು ಪೆಟ್ಟಿಗೆ ಎತ್ತಲು ಕಾರ್ಖಾನೆಗಳ ಕಡೆ ಹೋಗಿರುತ್ತಾರೆ. ಹಿಂದಿನ ರಾಶಿಗೆ ನೀವೇ ನಡೆದು ಹೋಗಿ, ಎಚ್‌ಟಿ ಮುದ್ರೆ ಇರುವ, ಗೆರೆ ಒತ್ತಾಗಿರುವ ಹಲಗೆ ಆರಿಸಿ, ಅದರ ಮೇಲೆ ಚಾಕ್‌ಪೀಸಿನಲ್ಲಿ ನಿಮ್ಮ ಹೆಸರು ಬರೆಸಿ ಬನ್ನಿ. ಇಲ್ಲದಿದ್ದರೆ ಅದು ಬೇರೆಯವರ ಟೇಬಲ್ ಆಗಿರುತ್ತದೆ. ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ, ಉಳಿದದ್ದು ಡ್ರಾವರ್ ಎಳೆದು ನೋಡಿ, ಅರೆಗಳ ಅಡಿಯಲ್ಲಿ ಕೈ ಆಡಿಸಿ ನೋಡಿದ ಮೇಲೆ.